ಇಸ್ತ್ರಿ ಹಾಕಿದ ಚೀಟಿ

ಎಲೆ ಉದುರುವ ಕಾಲ. ಬೆಳಗಿನ ಪಾಳಿ ಬಿಡುವ ಹೊತ್ತು. ಮೇಜಿನ ಮೇಲೆ ಯಾವುದೋ ಹೋಟೆಲಿನ ಹಾಸಿಗೆ ಹೊದಿಕೆ ಹರವಿ ಇಸ್ತ್ರಿ ಎತ್ತಲು ಹೋದೆ. ಬಲಗೈ ಭುಜದಿಂದ ಮೇಲೇಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಇಸ್ತ್ರಿಯ ಮೇಲಿಟ್ಟೆ. ಅದು ಅಲ್ಲೇ ಮಲಗಿಬಿಟ್ಟಿತು. ಹೊದಿಕೆಯ ನಟ್ಟನಡುವೆ ಕಂದು ಗುರುತು ಮೂಡಿ ಹೊಗೆ ಎದ್ದಿತು. ಆ ಲಾಂಡ್ರಿಯಲ್ಲಿ ಕೂದಲು ಹಣ್ಣಾಗುವ ತನಕ ದುಡಿದಿದ್ದೆ. ನನ್ನ ಕೈಯಲ್ಲಿ ಸುಟ್ಟ ಮೊದಲ ಬಟ್ಟೆ ಅದು.

ಯಜಮಾನರು ಬೈಯಲಿಲ್ಲ. ಅವರು ಬೈಯದಿದ್ದಾಗಲೇ ನಮಗೆ ಹೆದರಿಕೆ. ಆಫೀಸಿಗೆ ಕರೆದು ಕುರ್ಚಿ ತೋರಿಸಿದರು. ಆ ಕುರ್ಚಿಯಲ್ಲಿ ಕೂತವರು ಯಾರೂ ಮಾರನೆಯ ದಿನ ಕೆಲಸಕ್ಕೆ ಬಂದದ್ದು ನಾನು ಕಂಡಿರಲಿಲ್ಲ.

"ಸಾಕು, ದಣಿದಿದ್ದೀಯ. ಇನ್ನು ಮನೇಲಿ ಆರಾಮಾಗಿರು," ಅಂದರು.

"ನನ್ನ ಲೆಕ್ಕ ಏನಾದ್ರೂ ಬರೋದು ಇತ್ತಾ?"

"ನಂದೇನಪ್ಪ ಲೆಕ್ಕ? ಹೊದಿಕೆ ಸುಟ್ಟಿದ್ದಕ್ಕೇ ಈ ತಿಂಗಳದ್ದು ಸರಿಹೋಯ್ತು. ಆದ್ರೆ ನೀನು ಅದೃಷ್ಟವಂತ ಕಣಯ್ಯ. ನಿನ್ನ ಸಂಬಳದಲ್ಲಿ ತಿಂಗಳಾ ತಿಂಗಳಾ ತೆರಿಗೆ ಹಿಡಿದಿದ್ದೀನಲ್ಲ, ವರ್ಷದ ನಡುವೆ ಕೆಲಸ ಬಿಟ್ಟೋರಿಗೆ ಸರ್ಕಾರ ಅದನ್ನ ವಾಪಸ್ ಕೊಡುತ್ತೆ. ರಿಫಂಡು. ಅರ್ಜಿ ಹಾಕು, ಕೂತಲ್ಲಿಗೇ ದುಡ್ಡು ಬರುತ್ತೆ."

ಕೆಲಸ ಹೋದ ದುಃಖದಲ್ಲಿ ಹೊರಟವನು ಮನೆಯ ಮೆಟ್ಟಿಲು ಹತ್ತುವಾಗ ಸಿಳ್ಳೆ ಹಾಕುತ್ತಿದ್ದೆ.

ನನ್ನ ಹೆಂಡತಿಯ ಹಲ್ಲುಗಳೆಲ್ಲ ಉದುರಿಹೋಗಿದ್ದವು. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ನುಂಗುವುದೇ ಅವಳ ಊಟ. ಅವಳಿಗೆ ಮೊದಲಿನಿಂದಲೂ ನಗು ಜಾಸ್ತಿ. ಹಲ್ಲು ಹೋದ ಮೇಲೂ ನಗು ಹೋಗಲಿಲ್ಲ, ಬಾಯಿಗೆ ಅಂಗೈ ಅಡ್ಡ ಬಂತು ಅಷ್ಟೆ. ರಿಫಂಡಿನ ಸುದ್ದಿ ಕೇಳಿದವಳೇ ಅಂಗೈ ಅಡ್ಡ ಇಟ್ಟು ನಕ್ಕಳು. "ರೀ, ಹಾಗಾದ್ರೆ ನಾನು ಹಲ್ಲು ಕಟ್ಟಿಸ್ಕೋತೀನಿ."

ಹೊಲಿಗೆ ಯಂತ್ರ ಮಾರಿ ಹಲ್ಲಿನ ಡಾಕ್ಟರಿಗೆ ಮುಂಗಡ ಕೊಟ್ಟೆವು. ಅವರು ಅಚ್ಚು ತೆಗೆದು ಹಲ್ಲು ಮಾಡಿಸಿಟ್ಟರು. ಮಿಕ್ಕ ದುಡ್ಡು ರಿಫಂಡು ಬಂದ ಮೇಲೆ ಕೊಡುವುದು, ಕೊಟ್ಟ ಮೇಲೆ ಹಲ್ಲು ಒಯ್ಯುವುದು. ಅಲ್ಲಿಯ ತನಕ ಅವಳ ಹಲ್ಲು ಡಾಕ್ಟರ ಗಾಜಿನ ಬೀರುವಿನಲ್ಲಿ, ಒಂದು ಬಟ್ಟಲಿನ ನೀರಿನಲ್ಲಿ ಮುಳುಗಿ ಕೂತಿತ್ತು. ವಾರಕ್ಕೊಮ್ಮೆ ತಲೆ ಬಾಚಿಕೊಂಡು ಹೊರಡುತ್ತಿದ್ದಳು.

"ಎಲ್ಲಿಗೆ?"

"ನನ್ನ ಹಲ್ಲು ನೋಡ್ಕೊಂಡು ಬರ್ತೀನಿ."

ಅವಳ ತಮ್ಮ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ನಮ್ಮ ಮನೆಯಲ್ಲೇ ಊಟ, ನಿದ್ದೆ. ಅವನು ತಟ್ಟೆಯಿಂದ ತಲೆ ಎತ್ತದೆ, "ಹಲ್ಲಿಗೆ ನಾನೂ ಕೇಳ್ದೆ ಅಂತ ಹೇಳಕ್ಕ," ಅನ್ನುತ್ತಿದ್ದ.

ಆ ಚಳಿಗಾಲವೆಲ್ಲ ನಮಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲಿನವನಿಗೆ ರಿಫಂಡು ಬಂದ ಮೇಲೆ. ಬಾಡಿಗೆಗೆ ರಿಫಂಡು ಬಂದ ಮೇಲೆ. ಕೆಳಗಿನ ಮನೆಯ ಮುದುಕಿ ನನಗೆ 'ರಿಫಂಡಣ್ಣ' ಅಂತ ಹೆಸರಿಟ್ಟಳು. ಬಾಯ್ಲರ್ ಮೈದುನ ಇದನ್ನು ಲಾಂಡ್ರಿಯಲ್ಲಿ ಹಬ್ಬಿಸಿದ. "ಭಾವನಿಗೆ ಬರುತ್ತೆ ಅಂದ್ರೆ ನಮಗ್ಯಾಕೆ ಬರಲ್ಲ? ನಮ್ಮ ಸಂಬಳಕ್ಕೆ ಇಷ್ಟೊಂದು ತೆರಿಗೆ ಬೀಳುತ್ತಾ?" ಬಟ್ಟೆಗೆ ಶಾಯಿಯಲ್ಲಿ ಗುರುತು ಹಾಕುವ 'ಗುರುತಿನ ಅಕ್ಕ', ಒಣಗಿಸುವವರು, ಮಡಿಸುವವರು, ಎಲ್ಲರೂ ತೆರಿಗೆ ಕಚೇರಿಗೆ ಹೋಗಿ ಅರ್ಜಿ ಹಾಕಿದರು. ನನ್ನ ಅರ್ಜಿಗೆ ರಸೀದಿ ಅಂತ ಕೊಟ್ಟಿದ್ದಂಥದೇ ಒಂದು ಸಣ್ಣ ನುಣುಪಾದ ಚೀಟಿ ಎಲ್ಲರ ಕೈಗೂ ಬಂತು.

ನಾನು ಮಾತ್ರ ಆಗಾಗ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ. ಕಿಟಕಿಯ ಹೆಣ್ಣುಮಗಳು ಚೀಟಿಯನ್ನು ಯಂತ್ರದ ಮುಂದೆ ಹಿಡಿಯುತ್ತಿದ್ದಳು. ಯಂತ್ರ ಕುಯ್ ಅನ್ನುತ್ತಿತ್ತು.

"ಪರಿಶೀಲನೆಯಲ್ಲಿದೆ. ಮುಂದಿನವರು ಬನ್ನಿ."

ಆ ಮಾತು ಮನೆಗೂ ಬಂತು. ಊಟ ಆಯ್ತಾ ಅಂದರೆ ಮೈದುನ, "ಪರಿಶೀಲನೆಯಲ್ಲಿದೆ ಭಾವ." ಇನ್ನೂ ಎದ್ದಿಲ್ಲವಾ ಅಂದರೆ ಹೊದಿಕೆಯ ಒಳಗಿಂದ, "ಪರಿಶೀಲನೆ." ಬಾಡಿಗೆ ಕೇಳಲು ಬಂದ ಮನೆ ಮಾಲೀಕರ ಹತ್ತಿರವೂ ಹೆಂಡತಿ ಅದನ್ನೇ ಹೇಳಿ ಕದ ಹಾಕಿಕೊಂಡು ನೆಲದ ಮೇಲೆ ಕೂತು ನಕ್ಕಳು.

ಮರಗಳು ಚಿಗುರಿದವು. ಒಂದು ದಿನ ಹಲ್ಲು ನೋಡಿ ಬಂದವಳು ನಗದೆ ಕೂತಳು.

"ಏನಾಯ್ತೇ?"

"ಒಸಡು ಕುಗ್ತಾ ಇದೆಯಂತೆ. ಮಳೆಗಾಲದ ಒಳಗೆ ಹಾಕ್ಕೊಳ್ದಿದ್ರೆ ಆ ಹಲ್ಲು ನನ್ನ ಬಾಯಿಗೆ ಕೂರಲ್ಲವಂತೆ. ಬೇರೆಯವರ ಬಾಯಿಗೂ ಆಗಲ್ಲ ರೀ ಅದು. ಪಾಪ, ಬಟ್ಟಲಲ್ಲೇ ಮುದಿಯಾಗುತ್ತೆ."

ಕೊನೆಯ ಮಾತಿಗೆ ಅವಳಿಗೇ ನಗು ಬಂತು. ನನಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಮತ್ತೆ ಕಚೇರಿಗೆ ಹೊರಟೆ. ಜೇಬಿನಲ್ಲಿ ಇದ್ದೂ ಇದ್ದೂ ಚೀಟಿ ಮುದುಡಿತ್ತು. ಸುಕ್ಕನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಟ್ಟೆಯಾದರೇನು, ಕಾಗದವಾದರೇನು. ಮನೆಯ ಇಸ್ತ್ರಿ ಬಿಸಿ ಮಾಡಿ, ಚೀಟಿಯನ್ನು ಕರವಸ್ತ್ರದ ಹಾಗೆ ಹರವಿ, ಎಡಗೈಯಲ್ಲಿ ಒಂದೇ ಸಲ ಎಳೆದೆ.

ಚೀಟಿ ಕಪ್ಪಾಯಿತು. ಸುಡಲಿಲ್ಲ, ಹೊಗೆ ಬರಲಿಲ್ಲ. ಅಂಚಿನಿಂದ ಅಂಚಿಗೆ ಕಾಡಿಗೆಯ ಹಾಗೆ ಕಪ್ಪಾಯಿತು. ಅಕ್ಷರವೆಲ್ಲ ಆ ಕಪ್ಪಿನಲ್ಲಿ ಮುಳುಗಿತು. ಆದರೆ ಒಂದು ಸುಕ್ಕೂ ಇರಲಿಲ್ಲ.

ಹೆಂಡತಿ ಬಗ್ಗಿ ನೋಡಿದಳು. "ಹೊದಿಕೆ ಆಯ್ತು, ಈಗ ಸರ್ಕಾರನೂ ಸುಟ್ರಾ?"

ಮೈದುನ ಚಹಾ ಲೋಟ ಕೆಳಗಿಟ್ಟ. ನಗು ತಡೆಯಲಾಗದೆ ಗೋಡೆಗೆ ಹಣೆ ಹಚ್ಚಿದ. "ಅದು ಶಾಖಕ್ಕೆ ಅಕ್ಷರ ಮೂಡೋ ಕಾಗದ ಭಾವ. ನೀನು ಒಂದೇ ಏಟಿಗೆ ಇರೋಬರೋ ಅಕ್ಷರಾನೆಲ್ಲ ಬರೆದುಬಿಟ್ಟಿದ್ದೀಯ."

ಅದನ್ನೇ ಹಿಡಿದು ಕಿಟಕಿಗೆ ಹೋದೆ. ಯಂತ್ರ ಕುಯ್ ಅನ್ನಲಿಲ್ಲ. ಆ ಹೆಣ್ಣುಮಗಳು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಏನು ಮಾಡಿದ್ರಿ ಇದಕ್ಕೆ?"

"ಇಸ್ತ್ರಿ ಹಾಕ್ದೆ ತಾಯಿ."

ಅವಳು ತುಟಿ ಕಚ್ಚಿಕೊಂಡಳು. ಕಣ್ಣಲ್ಲಿ ನೀರು ಬರುವಷ್ಟು ನಗು ಅದುಮಿದ್ದಳು. "ಯಂತ್ರ ಚೀಟಿ ಓದಿದ್ರೆ ನಾವು ಒಳಗಡೆ ಖಾತೆ ತೆಗೆದು ನೋಡೋ ಹಾಗಿಲ್ಲ ಯಜಮಾನ್ರೇ. ಓದದಿದ್ರೆ ತೆಗೀಲೇಬೇಕು, ಅದೇ ನಿಯಮ. ಹೆಸರು ಹೇಳಿ."

ಹೇಳಿದೆ. ಅವಳು ಬೆರಳಾಡಿಸುತ್ತಾ ಹೋದಳು. ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು.

"ನಿಮ್ಮ ಸಂಬಳದಲ್ಲಿ ತೆರಿಗೆ ಹಿಡೀತಿದ್ರಾ?"

"ತಪ್ಪದೆ ಹಿಡೀತಿದ್ರು."

"ಇಲ್ಲಿಗೇನೂ ಬಂದಿಲ್ಲವಲ್ಲ."

"ಈ ವರ್ಷದ್ದಾ?"

"ಯಾವ ವರ್ಷದ್ದೂ ಬಂದಿಲ್ಲ. ಬರದಿದ್ದದ್ದನ್ನ ನಾವು ವಾಪಸ್ ಹೇಗೆ ಕೊಡೋದು? ಚೀಟಿ ಚೆನ್ನಾಗಿದ್ದಿದ್ರೆ ನಾನೂ ಪರಿಶೀಲನೆಯಲ್ಲಿದೆ ಅಂತಾನೇ ಹೇಳ್ತಿದ್ದೆ. ಸಾಯೋ ತನಕ ಹೇಳ್ತಿದ್ದೆ."

ಈ ಕಿಟಕಿಯಲ್ಲಿ ಯಾರೂ ಖಾತೆ ತೆಗೆದು ನೋಡುವುದಿಲ್ಲ ಅಂತ ಗೊತ್ತಿದ್ದೇ ಯಜಮಾನರು ನನ್ನನ್ನು ಇಲ್ಲಿಗೆ ಅಟ್ಟಿದ್ದರು. ಎಷ್ಟು ಚಳಿಗಾಲ, ಎಷ್ಟು ಬೇಸಿಗೆ ಆ ಉಗಿಯಲ್ಲಿ ಬೆಂದೆ. ಸಂಬಳದ ದಿನ ಅವರು ಹಿಡಿದುಕೊಂಡದ್ದನ್ನು ದೇಶಕ್ಕೆ ಕೊಟ್ಟೆ ಅಂತ ನಂಬಿದ್ದೆ. ರಸ್ತೆಯ ದೀಪ ಕಂಡರೆ, ಇದರಲ್ಲಿ ನನ್ನದೂ ಒಂದು ಚೂರು ಉರಿಯುತ್ತಿದೆ ಅಂದುಕೊಳ್ಳುತ್ತಿದ್ದೆ.

ವಿಚಾರಿಸಲು ಕಚೇರಿಯಿಂದ ಲಾಂಡ್ರಿಗೆ ಫೋನು ಹೋಗಿರಬೇಕು. ಮಾರನೆಯ ಸಂಜೆಯೇ ಯಜಮಾನರು ನಮ್ಮ ಮೆಟ್ಟಿಲು ಹತ್ತಿ ಬಂದರು. ಕುರ್ಚಿ ಇಲ್ಲದ ಮನೆ, ಮಂಚದ ಮೇಲೆ ಕೂತರು. ಜೇಬಿನಿಂದ ಲಕೋಟೆ ತೆಗೆದು ದಿಂಬಿನ ಮೇಲಿಟ್ಟರು.

"ನಿನ್ನ ರಿಫಂಡು. ಸರ್ಕಾರದ್ದು ತಡ ಆಗುತ್ತೆ, ನಾನೇ ಕೈಯಿಂದ ಕೊಡ್ತಾ ಇದ್ದೀನಿ. ಇನ್ನು ಆ ಕಿಟಕಿ ಕಡೆ ಹೋಗ್ಬೇಡ. ಲಾಂಡ್ರಿಯವರ ಹತ್ತಿರ ಬಾಯಿ ಬಿಡ್ಬೇಡ. ಗೊತ್ತಾಯ್ತಲ್ಲ?"

ನನ್ನ ಎಡಗೈ ಲಕೋಟೆಯ ಕಡೆ ಹೋಯಿತು. ಸುಳ್ಳು ಯಾಕೆ ಹೇಳಲಿ, ಆ ಬಟ್ಟಲಿನ ಹಲ್ಲು ಕಣ್ಣ ಮುಂದೆ ಬಂತು. ಹೆಂಡತಿ ಬಂದು ನನ್ನ ಕೈ ಹಿಡಿದಳು.

"ಇದರಲ್ಲಿ ಎಲ್ಲರದ್ದೂ ಇದೆಯಾ ಸ್ವಾಮಿ?"

"ನಿಮ್ಮದಮ್ಮ. ಬೇರೆಯವರದ್ದು ನಿಮಗ್ಯಾಕೆ?"

"ಈ ದುಡ್ಡಲ್ಲಿ ಕಟ್ಟಿಸಿದ ಹಲ್ಲು ಬ್ರೆಡ್ಡು ಅಗಿಯುತ್ತೆ. ಬಾಯಿ ತೆಗೆಯೋಕೆ ಮಾತ್ರ ಬಿಡಲ್ಲ. ಅಂಥ ಹಲ್ಲು ನನಗ್ಯಾಕೆ?"

"ದುಡುಕ್ಬೇಡ. ಯೋಚನೆ ಮಾಡು."

"ಯೋಚನೆ ಪರಿಶೀಲನೆಯಲ್ಲಿದೆ," ಅಂದಳು.

ಬಾಗಿಲ ಬಳಿ ನಿಂತಿದ್ದ ಮೈದುನ ಪುಸಕ್ಕನೆ ನಕ್ಕ. ಯಜಮಾನರು ಅವನನ್ನು ನೋಡಿದರು, ಲಕೋಟೆ ಎತ್ತಿಕೊಂಡರು. "ನಾಳೆಯಿಂದ ನೀನೂ ಬರ್ಬೇಡ," ಅಂದು ಇಳಿದುಹೋದರು.

ಅವರು ಬೀದಿ ದಾಟುವ ಮೊದಲೇ ಮೈದುನ ಇನ್ನೊಂದು ಬದಿಯಿಂದ ಓಡಿದ್ದ. ಗುರುತಿನ ಅಕ್ಕನ ಮನೆ, ಅಲ್ಲಿಂದ ಮುಂದಿನ ಮನೆ.

ಭಾನುವಾರ ನಮ್ಮ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲ ತನಕ ಜನ, ಎಲ್ಲರ ಕೈಯಲ್ಲೂ ಚೀಟಿ. ಒಣಗಿಸುವವನೊಬ್ಬ ಅನುಮಾನಪಟ್ಟ. "ಚೀಟಿ ಹಾಳಾದ್ರೆ ಅರ್ಜಿನೇ ಇಲ್ಲ ಅಂದ್ರೆ?"

ಗುರುತಿನ ಅಕ್ಕ ಅವನ ಕೈಯಿಂದ ಚೀಟಿ ಕಿತ್ತುಕೊಂಡಳು. "ಚೆನ್ನಾಗಿಟ್ಟುಕೊಂಡು ಏನು ಕಂಡೆ? ಕೊಡಿಲ್ಲಿ. ಹಾಕಣ್ಣ ಇದಕ್ಕೆ."

ನಾನು ಎಡಗೈಯಲ್ಲಿ ಎಳೆದೆ. ಕಪ್ಪಾಯಿತು. ಎಲ್ಲರೂ ಹೋ ಎಂದರು. ಆಮೇಲೆ ನಾ ಮೊದಲು ತಾ ಮೊದಲು. ಒಬ್ಬಳು ಅಂಚು ಬಿಳಿ ಉಳಿಯಿತು ಅಂತ ಜಗಳ ತೆಗೆದಳು. ಮಡಿಸುವವಳು, "ನನ್ನದಕ್ಕೆ ಗಂಜಿನೂ ಹಾಕಣ್ಣ," ಅಂದಳು. ಕೆಳಮನೆಯ ಮುದುಕಿ ತನ್ನ ಹಾಲಿನ ಚೀಟಿ ತಂದಳು, ಸುಮ್ಮನೆ, ಕಪ್ಪಾಗುವುದು ನೋಡಲಿಕ್ಕೆ. ಕೈ ಸೋತಾಗ ಹೆಂಡತಿ ಇಸ್ತ್ರಿ ತೆಗೆದುಕೊಂಡಳು. ಮಳೆಗಾಲದ ಮೊದಲ ಗುಡುಗು ಅಂದೇ ಕೇಳಿತು. ಅವಳು ಒಂದು ಗಳಿಗೆ ಕಿಟಕಿಯ ಕಡೆ ನೋಡಿ ಮುಂದಿನ ಚೀಟಿ ಹರವಿದಳು.

ಸೋಮವಾರ ಲಾಂಡ್ರಿಯ ಬಾಯ್ಲರ್ ಹೊತ್ತಲಿಲ್ಲ. ಕಚೇರಿಯ ಸಾಲು ಬಾಗಿಲು ದಾಟಿ ಬೀದಿಗೆ ಬಂದಿತ್ತು. ಕಿಟಕಿಯ ಹೆಣ್ಣುಮಗಳು ಮೊದಲ ಚೀಟಿ ನೋಡಿದಳು, ಎರಡನೆಯದು ನೋಡಿದಳು, ಎದ್ದು ನಿಂತು ಸಾಲಿನ ಉದ್ದ ನೋಡಿದಳು. ಎಲ್ಲರೂ ಕಪ್ಪು ಚೀಟಿಯನ್ನು ಮೇಲೆತ್ತಿ ತೋರಿಸಿದರು.

"ಎಲ್ಲರೂ ಇಸ್ತ್ರಿ ಹಾಕಿದ್ರಾ?"

"ಸುಕ್ಕಿತ್ತು ತಾಯಿ," ಅಂದಳು ಗುರುತಿನ ಅಕ್ಕ.

ಅವಳು ಯಂತ್ರವನ್ನು ಪಕ್ಕಕ್ಕೆ ಸರಿಸಿ ಒಂದೊಂದೇ ಖಾತೆ ತೆಗೆದಳು. ತೆಗೆದದ್ದೆಲ್ಲ ಖಾಲಿ. ಪ್ರತಿ ಸಲವೂ ಜೋರಾಗಿ ಓದಿ ಹೇಳಿದಳು, ಒಳಗಿನ ಕೋಣೆಯ ದೊಡ್ಡ ಅಧಿಕಾರಿಗೂ ಕೇಳಿಸುವ ಹಾಗೆ. ಕೊನೆಗೆ ಆ ಅಧಿಕಾರಿ ಹೊರಗೆ ಬಂದು, ದೂರು ಬರೆದುಕೊಳ್ಳುತ್ತೇವೆ, ಕಾಲ ಹಿಡಿಯುತ್ತದೆ, ಮನೆಗೆ ಹೋಗಿ ಅಂದರು. ಯಾರೂ ಹೋಗಲಿಲ್ಲ. ದೂರು ಬರೆದು ಮೊಹರು ಬೀಳುವ ತನಕ ಅಲ್ಲೇ ನೆಲದ ಮೇಲೆ ಕೂತೆವು.

ದುಡ್ಡು ಇನ್ನೂ ಬಂದಿಲ್ಲ. ಮಳೆ ಬಂದು ಹೋಯಿತು. ಆ ಹಲ್ಲು ಇನ್ನು ಕೂರುವುದಿಲ್ಲ, ಬೇಕಾದರೆ ಮತ್ತೆ ಅಚ್ಚು ತೆಗೆಯಬೇಕು ಅಂದರು ಡಾಕ್ಟರು. ಆದರೂ ಹೆಂಡತಿ ಅದನ್ನು ನೋಡಲು ಹೋಗುವುದು ಬಿಟ್ಟಿಲ್ಲ.

ಕಪ್ಪು ಚೀಟಿ ಹಿಡಿದು ಸಾಲು ನಿಂತ ಆ ವಾರ ಹೊರಟವರನ್ನು ಹೇಳಿ ಮುಗಿಸುತ್ತೇನೆ. ಸೋಮವಾರ ಲಾಂಡ್ರಿಯ ಮುಂಬಾಗಿಲಿನಿಂದ ಕಚೇರಿಯ ಸಾಲಿಗೆ ಗುರುತಿನ ಅಕ್ಕ ಹೊರಟಳು, ಒಣಗಿಸುವವರು ಹೊರಟರು, ಮಡಿಸುವವರು ಹೊರಟರು. ಗುರುವಾರ ಯಜಮಾನರು ಹಿಂಬಾಗಿಲಿನಿಂದ ಊರು ಬಿಟ್ಟು ಹೋದರು. ಇಸ್ತ್ರಿ ಮಾಡುವವರು ಇಲ್ಲದೆ ಅವರ ಅಂಗಿ ಮುದುಡಿತ್ತು ಅಂತ ನೋಡಿದವರು ಹೇಳಿದರು. ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ತಲೆ ಬಾಚಿಕೊಂಡು ಹಲ್ಲು ನೋಡಲು ಹೊರಟಳು. ಬೀದಿಯಲ್ಲಿ ಯಾರೋ ಅಂಗಿಯ ಸುದ್ದಿ ಎತ್ತಿದರು. ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಇಡಲಿಲ್ಲ.