ಬಾಗಿಲ ಪಕ್ಕದ ಕುರ್ಚಿ

ಮಾನಸಿಕ ರೋಗಿಗಳ ಮನೆಗೆ ಹೋಗುವ ನರ್ಸ್ ಬಾಗಿಲ ಪಕ್ಕದಲ್ಲೇ ಕೂರಬೇಕು. ರೋಗಿ ನಮಗೂ ಬಾಗಿಲಿಗೂ ನಡುವೆ ಬರಬಾರದು. ಮೊದಲ ಸಲ ನನ್ನ ರೋಗಿಯಾದ ಟೈಲರನ ಕೋಣೆಗೆ ಹೋದಾಗ ನಾನು ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡಿದ್ದೆ. ಅವನು ನೋಡಿದ್ದ. ಅಂದಿನಿಂದ ನಾನು ಹೋಗುವ ಹೊತ್ತಿಗೆ ಕುರ್ಚಿ ಅಲ್ಲೇ ಇರುತ್ತಿತ್ತು.

ಆವತ್ತು ಬೆಳಗ್ಗೆ ಅವನ ತಾಯಿ ಫೋನಿನಲ್ಲಿ ಗೊಳೋ ಎಂದರು. "ಸಿಸ್ಟರ್, ಕೋಣೆ ಬಾಗಿಲು ಹಾಕ್ಕೊಂಡು ಏನೋ ಧಡಧಡ ಬಡೀತಿದಾನೆ. ಬಾಯಿಗೆ ಬಂದಂಗೆ ಬೈತಿದಾನೆ!"

ಹಿಂದೊಮ್ಮೆ ಹೀಗೇ ಶುರುವಾಗಿ ಅಣ್ಣನ ತಲೆ ಒಡೆದಿದ್ದ. ಪೊಲೀಸರು ಎತ್ತಿಕೊಂಡು ಹೋದರು. ಆಸ್ಪತ್ರೆಯಿಂದ ಮನೆಗೆ ಬರಲು ವರ್ಷ ಹಿಡಿಯಿತು. ಅಂಗಡಿಯವರು ಈಗಷ್ಟೇ ಅವನನ್ನು ಮತ್ತೆ ಹೊಲಿಗೆ ಮಷಿನ್ ಮುಂದೆ ಕೂರಿಸಿದ್ದರು. ನಾನು ಅಪಾಯ ಎಂದರೆ ಎಲ್ಲವೂ ಮಣ್ಣುಪಾಲು. ಅಪಾಯ ಇಲ್ಲ ಎಂದು ಹೇಳಿ ಅದು ತಪ್ಪಾದರೆ ಆ ತಾಯಿಯ ಗತಿ?

"ಫೋನ್ ಮಾಡಿದ್ರೆ ಬನ್ನಿ. ಇಲ್ಲಾಂದ್ರೆ ಮೀಸೆ ತಿರುವುತ್ತಾ ಇಲ್ಲೇ ಇರಿ," ಎಂದು, ಮುನ್ನೆಚ್ಚರಿಕೆಗೆ ನಾನೇ ಕರೆಸಿದ್ದ, ಬೀದಿಯ ಕೊನೆಯಲ್ಲಿ ಜೀಪು ನಿಲ್ಲಿಸಿಕೊಂಡಿದ್ದ ಪೊಲೀಸಪ್ಪನಿಗೆ ಗದರಿ ಹೋದೆ.

ಕೋಣೆಯ ಬಾಗಿಲು ತಟ್ಟಿ ಹಿಂದೆ ಸರಿದು ನಿಂತೆ. ತೆರೆದ. ನನ್ನ ಕಣ್ಣು ಮೊದಲು ಕುರ್ಚಿಯ ಜಾಗಕ್ಕೆ ಹೋಯಿತು. ಖಾಲಿ! ಅವನ ಕೈಯಲ್ಲಿ ಸುತ್ತಿಗೆ.

"ಅದನ್ನ ಕೆಳಗಿಡಪ್ಪ. ಆಮೇಲೆ ಮಾತು."

ಇಟ್ಟ. ಕಾಲಲ್ಲಿ ಮಂಚದಡಿಗೆ ತಳ್ಳಿದ.

"ಮಾತ್ರೆ ತಗೊಂಡ್ಯಾ?"

"ಹ್ಞೂಂ."

"ನಿದ್ದೆ?"

"ಚೆನ್ನಾಗಿ ಬಂತು."

"ಕಿವೀಲಿ ಯಾರಾದ್ರೂ ಮಾತಾಡ್ತಿದಾರಾ?"

"ಇಲ್ಲ."

"ಯಾರನ್ನಾದ್ರೂ ಹೊಡೀಬೇಕು ಅನ್ನಿಸ್ತಿದ್ಯಾ?"

"ಇದನ್ನ!" ಎಂದು ಬದಿಗೆ ಸರಿದ.

ನನ್ನ ಕುರ್ಚಿ ಕಾಲು ಮುರಿದುಕೊಂಡು ಅಂಗಾತ ಬಿದ್ದಿತ್ತು. ಸುತ್ತ ಸೊಟ್ಟಗಾದ ಮೊಳೆಗಳು.

"ನೀವು ಬರೋ ದಿನಾನೇ ಮುರೀಬೇಕಾ ಹಾಳಾದ್ದು? ಬೆಳಗ್ಗಿಂದ ಜೀವ ತಿಂತಿದೆ. ಸೂಜಿ ಹಿಡಿಯೋ ಕೈ ನಂದು."

"ಅಯ್ಯೋ ನಿನ್ನ! ನಾನೇನು ನೆಲದ ಮೇಲೆ ಕೂರಲ್ವೇನೋ?"

"ಬೇಡ ಸಿಸ್ಟರ್. ಬಾಗಿಲ ಹತ್ರ ಕೂತ್ರೆ ನಿಮಗೆ ಭಯ ಇರಲ್ಲ. ನಿಮಗೆ ಭಯ ಇಲ್ದಿದ್ರೆ ನಂಗೂ ಧೈರ್ಯ."

ಹೋದ ಜೀವ ಬಂದಂತಾಯಿತು.

"ಬಾಯಿ ಬಿಟ್ಟು ಹೇಳೋಕೇನಾಗಿತ್ತೋ ನಿಂಗೆ!" ನನ್ನ ಹಿಂದೆ ನಿಂತಿದ್ದ ತಾಯಿ ಅಳುತ್ತಲೇ ನಕ್ಕರು.

ಪೊಲೀಸಪ್ಪನಿಗೆ ಫೋನ್ ಮಾಡಿ ಹೊರಡಲು ಹೇಳಿದೆ. ಒಳಗೆ ಹೋಗಿ ನೆಲದ ಮೇಲೆ ಕುಳಿತು ಕುರ್ಚಿಯ ಕಾಲು ಹಿಡಿದೆ. ಅವನು ಮಂಚದಡಿಯಿಂದ ಸುತ್ತಿಗೆ ತೆಗೆದು, ಎದುರು ಕುಳಿತು ಮೊಳೆ ಹೊಡೆದ. ಬಾಗಿಲು ಅವನ ಬೆನ್ನ ಹಿಂದಿತ್ತು. ಅದು ನನಗೆ ನೆನಪಾದದ್ದು ಬೀದಿಗೆ ಬಂದ ಮೇಲೆ.