ನಾಲ್ಕು ಚೌಕದ ಪುಕ್ಕಣ್ಣ

"ಹ್ವಾಯ್ ಪುಕ್ಕಣ್ಣ, ನಿಮ್ಮನ್ ಕಾಂಬುಕೆ ಯಾರೋ ಬಂದಿದ್ರ್!"

ಲೀಲಾಧರ ತಲೆಯೆತ್ತಲಿಲ್ಲ. ಸೊಂಟದವರೆಗಿನ ನೀರಿನಲ್ಲಿ ಬಾವಿಯ ಸಿಮೆಂಟ್ ರಿಂಗಿಗೆ ಬೆನ್ನು ಕೊಟ್ಟು ನಿಂತು, ಪೈಪಿನ ತುದಿಗೆ ಹೊಸ ಫುಟ್‌ವಾಲ್ವ್ ತಿರುಗಿಸುತ್ತಿದ್ದ. ಎರಡನೇ ಸಲ ಕರೆದಾಗ ಮೇಲೆ ನೋಡಿದ. ಬಾವಿಕಟ್ಟೆಯ ಮೇಲಿಂದ ಎರಡು ತಲೆಗಳು ಬಗ್ಗಿದ್ದವು. ಒಂದು ಮನೆಯ ಯಜಮಾನನದು. ಇನ್ನೊಂದು ಗುರುತಿಲ್ಲದ್ದು, ಕನ್ನಡಕದ್ದು. ಕನ್ನಡಕದವನು ಮೊಬೈಲು ಚಾಚಿ, "ಸರ್, ಒಂದೇ ನಿಮಿಷ, ಹಾಗೇ ಮೇಲೆ ನೋಡಿ" ಎಂದ.

ಫೋಟೋ ತೆಗೆದದ್ದೂ ಆಯಿತು.

"ಪುಕ್ಕಣ್ಣ ಬಾವಿ ಒಳಗೆ! ಇದಕ್ಕಿಂತ ಒಳ್ಳೆ ಚಿತ್ರ ಎಲ್ಲಿ ಸಿಗುತ್ತೆ?"

ಮೇಲೆ ಇಬ್ಬರೂ ನಕ್ಕರು. ಆ ನಗು ರಿಂಗಿನಿಂದ ರಿಂಗಿಗೆ ಸುತ್ತಿಕೊಂಡು ಅವನ ಬಳಿಗೆ ಇಳಿಯಿತು.

ಲೀಲಾಧರನದು ಕೋಟದ ಪೇಟೆಯಲ್ಲಿ ಪಂಪ್ ರಿಪೇರಿ ಅಂಗಡಿ. ಸುತ್ತಿನ ಊರುಗಳಲ್ಲಿ ಪಂಪ್ ಬಿಚ್ಚುವವರು ಬೇರೆಯೂ ಇದ್ದಾರೆ, ಆದರೆ ಬಾವಿಗೆ ಇಳಿಯುವವನು ಅವನೊಬ್ಬನೇ. ಇಪ್ಪತ್ತೈದು ವರ್ಷಗಳಿಂದ ಇಳಿಯುತ್ತಿದ್ದಾನೆ. ಇವತ್ತಿಗೂ ನೀರು ಮೊಣಕಾಲಿಗೆ ತಾಗಿದ ಕೂಡಲೇ ಕಿವಿಯೊಳಗೆ ಗುಂಯ್ ಎನ್ನುತ್ತದೆ, ಹಲ್ಲು ಕಚ್ಚಿಕೊಳ್ಳುತ್ತಾನೆ. ಈ ಕಸುಬು ಹಿಡಿದದ್ದೇ ಪುಕ್ಕಲ ಎನ್ನುವ ಊರಿನ ಬಾಯಿ ಮುಚ್ಚಿಸಲಿಕ್ಕೆ. ಊರು ಬಾಯಿ ಮುಚ್ಚಲಿಲ್ಲ. "ಪುಕ್ಕಣ್ಣನ್ನ ಕರಿನಿ, ಅವ್ರ್ ಇಳಿತ್ರ್" ಎಂದು ಹೇಳುವುದನ್ನು ಕಲಿಯಿತು, ಅಷ್ಟೇ.

ಹಗ್ಗ ಹಿಡಿದು ಮೇಲೆ ಬಂದು ಮೈ ಒರೆಸಿಕೊಳ್ಳುವಾಗ ಕನ್ನಡಕದವನು ಪರಿಚಯ ಹೇಳಿಕೊಂಡ. ಹೆಸರು ರತೀಶ್. ಕನ್ನಡದ ಚಿತ್ರಕತೆಗಳ ಚರಿತ್ರೆ ಬರೆಯುತ್ತಿದ್ದಾನೆ. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಕಾಮಿಕ್ಸುಗಳನ್ನು ಹುಡುಕಿ ಹುಡುಕಿ ಸೇರಿಸಿದ್ದಾನೆ. ಅವುಗಳಲ್ಲೆಲ್ಲ ಗುಣಪಾಲ ಮಾಸ್ಟ್ರ 'ಪುಕ್ಕಣ್ಣ'ನೇ ಅವನಿಗೆ ಬಹಳ ಮೆಚ್ಚು. ವಾರಕ್ಕೆ ನಾಲ್ಕು ಚೌಕದಂತೆ ಹತ್ತೊಂಬತ್ತು ವರ್ಷ. ಈಗ ಎಲ್ಲವೂ ಒಂದೇ ಪುಸ್ತಕವಾಗಿ ಬರಲಿದೆ.

"ಮುನ್ನುಡಿಯಲ್ಲಿ ನಿಮ್ಮ ವಿಷಯ ಬರೆದಿದ್ದೇನೆ ಸರ್. ನಿಮ್ಮ ಹೆಸರು, ಈ ಫೋಟೋ. ಒಂದು ಪಾತ್ರದ ಮೂಲ ಮನುಷ್ಯ ಇನ್ನೂ ನಮ್ಮ ನಡುವೆ ಇದ್ದಾನೆ ಅಂದರೆ ಎಷ್ಟು ಅಪರೂಪ! ನೀವು ಒಪ್ಪಿಗೆಗೆ ಒಂದು ಸಹಿ ಹಾಕಿದರೆ ಸಾಕು."

ಪುಸ್ತಕದ ಕರಡನ್ನು ಸುರುಳಿ ತಂತಿ ಹಾಕಿಸಿ, ಒಳಗೆ ಒಪ್ಪಿಗೆ ಪತ್ರ ಇಟ್ಟು ತಂದಿದ್ದ. ಲೀಲಾಧರ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡ. ದಪ್ಪವಿತ್ತು.

"ಒಂದು ಕೇಳಬೇಕಿತ್ತು ಸರ್. ಇದು ಕರಾವಳಿಯ ಕಾಮಿಕ್ಸು. ಆದರೆ ಮೊದಲ ಮೂರು ವಾರ ಬಿಟ್ಟರೆ ಇಡೀ ಪುಸ್ತಕದಲ್ಲಿ ಒಂದು ಹೊಳೆ ಇಲ್ಲ, ಸಮುದ್ರ ಇಲ್ಲ, ಕೆರೆ ಬಾವಿ ಯಾವುದೂ ಇಲ್ಲ. ಮಾಸ್ಟ್ರನ್ನು ಕೇಳಿದೆ. 'ನೀರು ಬರೆಯೋದು ಕಷ್ಟ' ಅಂದರು. ನಿಮಗೇನಾದರೂ ಗೊತ್ತಾ?"

"ನಂಗ್ ಗೊತ್ತಿಲ್ಲೆ. ನಾನ್ ಅದನ್ನ ಓದ್ಲೇ ಇಲ್ಲೆ."

ರತೀಶ್ ತಮಾಷೆ ಎಂದುಕೊಂಡು ನಕ್ಕ.

ಆದರೆ ಅದು ಬಹುಮಟ್ಟಿಗೆ ನಿಜವಾಗಿತ್ತು. ಏಳನೇ ಕ್ಲಾಸಿನಲ್ಲಿ ಮೊದಲ ಮೂರು ವಾರದ್ದನ್ನು ಓದಿದ್ದ. ಓದಿದ್ದ ಎನ್ನುವುದಕ್ಕಿಂತ, ಕ್ಲಾಸಿನ ಹುಡುಗರು ಬೆಂಚಿನ ಮೇಲೆ ಹರಡಿ ಓದಿಸಿದ್ದರು. ಆಮೇಲೆ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಆ ಪತ್ರಿಕೆ ಕಂಡರೆ ಮುಖ ತಿರುಗಿಸುತ್ತಿದ್ದ.

ಶಾಲೆಗೆ ಆ ವರ್ಷವಷ್ಟೇ ವರ್ಗವಾಗಿ ಬಂದಿದ್ದ ಡ್ರಾಯಿಂಗ್ ಮಾಸ್ಟ್ರು ಗುಣಪಾಲರು ಮಕ್ಕಳನ್ನು ದೋಣಿಯಲ್ಲಿ ಹೊಳೆಯ ನಡುಗಡ್ಡೆಯಾದ ಕುದ್ರುವಿಗೆ ಕರೆದುಕೊಂಡು ಹೋಗಿದ್ದರು. ನೀರಿಳಿತದ ಹೊತ್ತು. ದಂಡೆ ಹತ್ತಿರವಿರುವಾಗಲೇ ದೋಣಿ ಮರಳಿನಲ್ಲಿ ಸಿಕ್ಕಿಕೊಂಡಿತು. ನೀರು ಮೊಣಕಾಲಿನಷ್ಟು. ಮಕ್ಕಳೆಲ್ಲ ಕೇಕೆ ಹಾಕುತ್ತ ಹಾರಿದರು. ಲೀಲಾಧರ ದೋಣಿ ನೂಕುವ ಗಳವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕಿರುಚತೊಡಗಿದ. ಯಾರು ಎಷ್ಟು ಹೇಳಿದರೂ ಬಿಡಲಿಲ್ಲ. ಕೊನೆಗೆ ದೋಣಿ ನಡೆಸುವ ಸೂರ ಅವನನ್ನು ಗಳದ ಸಮೇತ ಹೆಗಲಿಗೇರಿಸಿ, ಬಾಳೆಗೊನೆ ಹೊತ್ತಂತೆ ಹೊತ್ತು ದಂಡೆಗೆ ತಂದಿಳಿಸಿದ. ಮರುದಿನ ಮಾಸ್ಟ್ರು ಅದನ್ನೇ ಕರಿಹಲಗೆಯ ಮೇಲೆ ನಾಲ್ಕು ಚೌಕದಲ್ಲಿ ಬರೆದರು. ಕ್ಲಾಸು ನಕ್ಕು ನಕ್ಕು ಸುಸ್ತಾಯಿತು. ಅವರು ಅದನ್ನು ಪತ್ರಿಕೆಗೂ ಕಳಿಸಿದರು.

ಅದಕ್ಕೆ ಎರಡು ತಿಂಗಳ ಹಿಂದೆ ಲೀಲಾಧರನ ಅಣ್ಣ ರಾಜೇಂದ್ರ ಅದೇ ಹೊಳೆಯಲ್ಲಿ ಚಿಪ್ಪು ಹೆಕ್ಕಲು ಇಳಿದಿದ್ದ. ಲೀಲಾಧರ ದಡದಲ್ಲಿ ಬುಟ್ಟಿ ಹಿಡಿದು ನಿಂತಿದ್ದ. ಅಲ್ಲಿಯೂ ನೀರು ಮೊಣಕಾಲಿನಷ್ಟೇ ಇತ್ತು, ಅಣ್ಣ ಇನ್ನೊಂದು ಹೆಜ್ಜೆ ಇಡುವವರೆಗೆ.

ಸಂಜೆ ಅವನು ಬರುವಾಗ ಮಗಳು ಪ್ರೇಕ್ಷಾ ಕುಂದಾಪುರದ ಕಾಲೇಜಿನಿಂದ ಬಂದು ಜಗಲಿಯಲ್ಲಿ ಕೂತಿದ್ದಳು. ಕಾಮಿಕ್ಸು, ಗ್ರಾಫಿಕ್ ಕಾದಂಬರಿ ಎಂದರೆ ಅವಳಿಗೆ ಪ್ರಾಣ. "ಅದ್ ಬರೀ ನಗಾಡುಕೆ ಅಲ್ಲ ಅಪ್ಪ, ಮನ್ಷರ ಕಷ್ಟ ಬರ್ದದ್ದೂ ಇತ್ತ್" ಎಂದು ಅಪ್ಪನಿಗೆ ಎಷ್ಟೋ ಸಲ ಹೇಳಿದ್ದಳು. ಕರಡು ಕಂಡದ್ದೇ ಕಸಿದುಕೊಂಡಳು.

"ಪುಕ್ಕಣ್ಣ ಇಡೀ! ಅಪ್ಪ, ನೀವ್ ಚರಿತ್ರೆಗೆ ಸೇರ್ತ್ರಿ!"

ಅವಳು ಒಂದೊಂದೇ ಪುಟ ತಿರುಗಿಸಿ ನಗುತ್ತಿದ್ದಳು. ಎದ್ದು ಹೋಗಬೇಕೆಂದಿದ್ದರೂ ಅವನು ಪಕ್ಕದಲ್ಲೇ ಕೂತ. ಒಂದು ಪುಟದಲ್ಲಿ ಪುಕ್ಕಣ್ಣ ಇನ್ಸ್‌ಪೆಕ್ಟರು ಬಂದರೆಂದು ಹೆದರಿ ಅಕ್ಕಿ ಡಬ್ಬದೊಳಗೆ ಅಡಗುತ್ತಾನೆ. ಡಬ್ಬದ ಮುಚ್ಚಳದ ಮೇಲೆ ಕೂತು ಇನ್ಸ್‌ಪೆಕ್ಟರು ಚಾ ಕುಡಿಯುತ್ತಾರೆ. ಲೀಲಾಧರನಿಗೆ ತಡೆಯಲಾಗಲಿಲ್ಲ, ಗಹಗಹಿಸಿ ನಕ್ಕುಬಿಟ್ಟ. ಮಗಳು ಅವನ ಭುಜಕ್ಕೆ ಭುಜ ತಾಗಿಸಿ ಇನ್ನಷ್ಟು ನಕ್ಕಳು. ನಗು ನಿಂತ ಮೇಲೆ ಬಾಯಿಯೆಲ್ಲ ಕಹಿಯಾಯಿತು. ಮೂವತ್ತೇಳು ವರ್ಷ ಊರೆಲ್ಲ ನಕ್ಕ ನಗುವನ್ನು ತಾನೂ ನಕ್ಕಿದ್ದ.

"ಮೊದ್ಲನೇದ್ರಲ್ಲಿ ನೀವ್ ಎಂತಕ್ ಇಳಿಲಿಲ್ಲೆ ಅಪ್ಪ? ಮೊಣ್ಕಾಲ್ ನೀರ್ ಅಲ್ದಾ?"

"ಹೆದ್ರಿಕೆ ಆಯ್ತ್."

"ಪಾಪ!" ಎಂದಳು, ನಗುತ್ತಲೇ. ಗೋಡೆಯ ಮೇಲಿನ ಫೋಟೋದಲ್ಲಿರುವುದು ಸಣ್ಣವನಿರುವಾಗಲೇ ತೀರಿಹೋದ ದೊಡ್ಡಪ್ಪ ಎಂಬುದಷ್ಟೇ ಅವಳಿಗೆ ಗೊತ್ತು. ಹೇಗೆ ಎಂದು ಅವಳು ಕೇಳಿರಲಿಲ್ಲ. ಇವನು ಹೇಳಿರಲಿಲ್ಲ.

ಅವಳು ಒಳಗೆ ಹೋದ ಮೇಲೆ ಲೀಲಾಧರ ಪುಸ್ತಕವನ್ನು ಮತ್ತೆ ಮೊದಲಿಂದ ತಿರುವಿದ, ಈ ಸಲ ನೀರನ್ನು ಹುಡುಕುತ್ತ. ರತೀಶ್ ಹೇಳಿದ್ದು ಸರಿಯಿತ್ತು. ಪುಕ್ಕಣ್ಣ ಮರ ಹತ್ತುತ್ತಾನೆ, ಬಸ್ಸಿಗೆ ಓಡುತ್ತಾನೆ, ಕೋಣ ಕಂಡು ಓಡುತ್ತಾನೆ, ಮದುವೆಯಾಗುತ್ತಾನೆ. ಸೇತುವೆ ದಾಟುವುದಿಲ್ಲ. ಎಳ್ಳಮಾವಾಸ್ಯೆಗೆ ಊರಿಗೆ ಊರೇ ಸಮುದ್ರಸ್ನಾನಕ್ಕೆ ಹೋದ ಒಂದು ವಾರವಿತ್ತು. ನಾಲ್ಕೂ ಚೌಕದಲ್ಲಿ ಪುಕ್ಕಣ್ಣ ರಸ್ತೆಬದಿಯಲ್ಲಿ ಕೂತು ಎಲ್ಲರ ಚಪ್ಪಲಿ ಕಾಯುತ್ತಾನೆ. ಚೌಕ ಚೌಕಕ್ಕೂ ಚಪ್ಪಲಿ ಹೆಚ್ಚುತ್ತದೆ. ಸಮುದ್ರ ಎಲ್ಲೂ ಕಾಣುವುದಿಲ್ಲ.

ಆ ಪುಟವನ್ನು ಬಹಳ ಹೊತ್ತು ನೋಡಿದ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ಬ್ರಹ್ಮಾವರದ ಬಸ್ಸು ಹತ್ತಿದ. "ಪುಕ್ಕಣ್ಣ, ಮುಂದ್ ಸೀಟಿತ್ತ್ ಕಾಣಿ" ಎಂದ ಕಂಡಕ್ಟರ್. ಅವನಿಗೆ ಇಪ್ಪತ್ತು ದಾಟಿದ್ದರೆ ಹೆಚ್ಚು. ಪತ್ರಿಕೆಯಲ್ಲಿ ಪುಕ್ಕಣ್ಣ ನಿಲ್ಲುವಾಗ ಅವನಿಗೆ ಅಕ್ಷರವೂ ಬರುತ್ತಿರಲಿಲ್ಲ. ಲೀಲಾಧರ ಮುಂದೆ ಹೋಗಿ ಕೂತ.

ಮಾಸ್ಟ್ರ ಮನೆ ಪೇಟೆಯಿಂದ ಒಳಗೆ, ಗದ್ದೆಯ ಅಂಚಿನಲ್ಲಿ. ಸೊಸೆ ಸೌಮ್ಯಶ್ರೀ ಬಾಗಿಲು ತೆರೆದು, ಯಾರೆಂದು ಕೇಳಿ, ಒಳಗೆ ಕೂರಿಸಿದಳು. ಎಂಬತ್ತರ ಹತ್ತಿರದ ಮಾಸ್ಟ್ರು ಕಿಟಕಿಯ ಬಳಿ ಡ್ರಾಯಿಂಗ್ ಹಲಗೆಯ ಮುಂದೆ ಕೂತಿದ್ದರು.

"ಲೀಲಾಧರ," ಎಂದರು ಕೂಡಲೇ. "ಕೂಕೊ."

ಅವರು ಯಾವತ್ತೂ ಅವನನ್ನು ಪುಕ್ಕಣ್ಣ ಎಂದು ಕರೆದಿರಲಿಲ್ಲ. ಅದು ಅವನಿಗೆ ಈಗ ಹೊಳೆಯಿತು.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಹೋಗಿ ಒಂದೇ ಉಳಿದಿತ್ತು. "ಮಾಸ್ಟ್ರೇ, ನೀರ್ ಎಂತಕ್ ತೆಗ್ದ್ರಿ?"

ಮಾಸ್ಟ್ರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮೂರ್ನೇ ವಾರ ಹೆಡ್‌ಮಾಸ್ಟ್ರ್ ಹೇಳ್ದ್ರ್. ನಿನ್ ಅಣ್ಣಂದ್ ವಿಷ್ಯ. ನಂಗ್ ಅಲ್ಲಿವರಿಗೆ ಗೊತ್ತಿಲ್ಲೆ ಮಾರಾಯ. ನಾ ಹೊಸ್ಬ ಅಲ್ದಾ."

"ಗೊತ್ತಾದ್ ಮೇಲೆ?"

"ಪತ್ರಿಕೆಯವ್ರ್ ಇನ್ನೂ ಕಳ್ಸಿ ಅಂತ ಕಾಗ್ದ ಬರ್ದಿದ್ರ್." ಅವರು ಕಿಟಕಿಯ ಹೊರಗೆ ನೋಡಿದರು. "ಅಲ್ಲಿವರಿಗೆ ನಾ ಎಷ್ಟ್ ಚಿತ್ರ ಕಳ್ಸಿದ್ದೆ, ಎಲ್ಲ ವಾಪಸ್ ಬಂದಿತ್. ಇದೊಂದ್ ಜನ ಹಿಡ್ಕಂಡ್ರ್. ನಿಲ್ಸುಕೆ ಮನಸ್ ಬರ್ಲಿಲ್ಲೆ. ನಂಗೂ ಆಸೆ ಇದ್ದಿತ್ ಮಗಾ, ಸುಳ್ ಹೇಳುದಿಲ್ಲ. ಅದ್ಕೆ ನೀರ್ ತೆಗ್ದೆ."

"ನೀರ್ ತೆಗ್ದ್ರಿ. ನನ್ನ ತೆಗಿಲಿಲ್ಲೆ."

ಗದ್ದೆಯಲ್ಲಿ ಯಾರೋ ಟಿಲ್ಲರು ಓಡಿಸುತ್ತಿದ್ದ ಸದ್ದು ಹತ್ತಿರ ಬಂದು ಮತ್ತೆ ದೂರ ಹೋಯಿತು.

"ಆ ಪುಸ್ತಕ್ದಲ್ಲಿ ನನ್ ಹೆಸ್ರ್ ಬೇಡ. ಫೋಟೋನೂ ಬೇಡ." ಸಹಿ ಹಾಕದ ಒಪ್ಪಿಗೆ ಪತ್ರವನ್ನು ಅವನು ಹಲಗೆಯ ಮೇಲಿಟ್ಟ.

"ತೆಗಿಸ್ತೆ. ಇವತ್ತೇ ಆ ರತೀಶಂಗೆ ಹೇಳ್ತೆ." ಪತ್ರವನ್ನು ಮಡಚುತ್ತ, "ಪುಸ್ತಕವೇ ಬೇಡ ಅಂದ್ರೂ ಬೇಡ. ನೀ ಹೇಳ್ ಸಾಕ್" ಎಂದರು.

ಲೀಲಾಧರ ಆ ಮುಖವನ್ನು ನೋಡಿದ. ಪುಸ್ತಕ ನಿಲ್ಲಿಸಿದರೆ ನಾಳೆ ಬಸ್ಸಿನಲ್ಲಿ ಕಂಡಕ್ಟರು ಬೇರೆ ಹೆಸರು ಕರೆಯುತ್ತಾನೆಯೇ? ಮಗಳು ಭುಜಕ್ಕೆ ತಾಗಿ ನಕ್ಕದ್ದು ನೆನಪಾಯಿತು.

"ಪುಸ್ತಕ ಬರ್ಲಿ," ಎಂದ. ಎದ್ದು ಬಾಗಿಲವರೆಗೆ ಹೋದವನು ತಿರುಗಿದ. "ನಂದೊಂದ್ ಚಿತ್ರ ಮಾಡಿ ಕೊಡ್ತ್ರ್ಯಾ ಮಾಸ್ಟ್ರೇ? ಪುಕ್ಕಣ್ಣಂದ್ ಅಲ್ಲ. ನಂದ್. ನಾ ಇದ್ದ ಹಾಂಗೆ."

ಮಾಸ್ಟ್ರ ಕಣ್ಣಿನಲ್ಲಿ ಏನೋ ಬೆಳಗಿದಂತಾಯಿತು. "ಕೂಕೊ, ಕೂಕೊ. ಬೆಳ್ಕಿನ್ ಬದಿಗೆ ಕೂಕೊ" ಎಂದು ಕನ್ನಡಕ ಏರಿಸಿದರು. ಹೊಸ ಹಾಳೆ ಸಿಕ್ಕಿಸಿದರು. ಲೀಲಾಧರ ಬೆನ್ನು ನೆಟ್ಟಗೆ ಮಾಡಿ, ಕೈಯನ್ನು ತೊಡೆಯ ಮೇಲಿಟ್ಟು ಕೂತ. ಪೆನ್ಸಿಲು ಕಾಗದದ ಮೇಲೆ ಸರಸರನೆ ಓಡಿತು, ಆ ವಯಸ್ಸಿನ ಕೈ ಎನ್ನುವಂತಿರಲಿಲ್ಲ. ನರೆತ ಕೂದಲು ಬಂತು. ಕಿವಿ ಬಂತು. ಆಮೇಲೆ ಮೂಗು ಬಂತು, ಗೋಲಿಯಂತೆ ದುಂಡಗೆ, ಪುಕ್ಕಣ್ಣನ ಮೂಗು. ಲೀಲಾಧರನದು ಉದ್ದ ಮೂಗು.

ಮಾಸ್ಟ್ರು ಅಳಿಸಿದರು. ಅವನ ಮೂಗನ್ನೇ ದಿಟ್ಟಿಸಿ ನೋಡಿ ಮತ್ತೆ ಎಳೆದರು. ಅದೇ ದುಂಡು. ಅಳಿಸಿದರು. ಮೂರನೇ ಸಲ ನಿಧಾನವಾಗಿ, ಮೊದಲು ಕಲಿಯುವವರ ಹಾಗೆ ಒತ್ತಿ ಒತ್ತಿ ಗೆರೆ ಹಾಕಿದರು. ಗೆರೆ ಇಳಿದು ಬರುತ್ತ ಬರುತ್ತ ತುದಿಗೆ ಬಂದಾಗ ಕೈ ತಾನಾಗಿಯೇ ತಿರುಗಿತು.

"ಕೈ ಹೇಳ್ದ ಹಾಂಗೆ ಕೇಂತಿಲ್ಲೆ," ಎಂದರು ಮೆಲ್ಲಗೆ.

"ಇರ್ಲಿ ಬಿಡಿ ಮಾಸ್ಟ್ರೇ."

"ಇಲ್ಲ, ಇಲ್ಲ. ತಡಿ."

ಮೂಗನ್ನು ಪೂರ್ತಿ ಉಜ್ಜಿ ತೆಗೆದು, ಆ ಜಾಗವನ್ನು ಖಾಲಿ ಬಿಟ್ಟು ಕಣ್ಣು ಬರೆಯತೊಡಗಿದರು. ಅಷ್ಟರಲ್ಲಿ ಸೌಮ್ಯಶ್ರೀ ತಟ್ಟೆಯಲ್ಲಿ ಬೆಲ್ಲ, ನೀರು ತಂದಿಟ್ಟಳು. ಮಾವನ ಹೆಗಲ ಮೇಲಿಂದ ಬಗ್ಗಿ ಹಾಳೆ ನೋಡಿದಳು. ಮೂಗಿಲ್ಲದ, ಬಾಯಿಲ್ಲದ ಮುಖ. ಒಂದೇ ಕಣ್ಣು ಆಗಿತ್ತು.

"ಓ, ಪುಕ್ಕಣ್ಣ!" ಎಂದಳು ಸಂತೋಷದಿಂದ. "ಎಷ್ಟ್ ವರ್ಷ ಆಯ್ತ್ ಮಾವ ನೀವ್ ಇದನ್ ಬರೀದೆ!"

ಲೀಲಾಧರ ನೀರಿನ ಲೋಟ ಎತ್ತಿಕೊಂಡು ಕುಡಿದ. ಮಾಸ್ಟ್ರು ಪೆನ್ಸಿಲು ಕೆಳಗಿಟ್ಟರು. ಹಾಳೆಯ ಮೇಲೆ ಉದುರಿದ್ದ ರಬ್ಬರಿನ ಕಪ್ಪು ಪುಡಿಯನ್ನು ಅಂಗೈಯ ಅಂಚಿನಿಂದ ಸರಿಸಿದರು. ಅದು ಹೋದ ಮೇಲೂ, ಬಿಳಿ ಜಾಗದ ಮೇಲೆ ಆ ಕೈ ಸ್ವಲ್ಪ ಹೊತ್ತು ಹಾಗೆಯೇ ಆಚೆಗೂ ಈಚೆಗೂ ಸರಿಯುತ್ತಿತ್ತು.