ನಲವತ್ತೊಂಬತ್ತರಿಂದ ಅರವತ್ನಾಲ್ಕನೇ ಪುಟದವರೆಗೆ

ಬೈಂಡಿಂಗಿಗೆ ಬಂದ ಪುಸ್ತಕವನ್ನು ಓದಬಾರದು ಎಂಬುದು ಚನ್ನಬಸವಯ್ಯನವರ ಕಟ್ಟಪ್ಪಣೆ. ಓದುತ್ತ ಕೂತರೆ ಅಂಟು ಒಣಗುತ್ತದೆ, ಗಿರಾಕಿ ಬೈಯುತ್ತಾನೆ. ಅವರ ಅಂಗಡಿಯಲ್ಲಿ ಆರು ವರ್ಷದಿಂದ ಸೂಜಿ ಹಿಡಿದಿದ್ದ ಚಿಕ್ಕಣ್ಣ ಈ ಅಪ್ಪಣೆಯನ್ನು ಒಂದು ದಿನವೂ ಪಾಲಿಸಿರಲಿಲ್ಲ. ಎಡಗೈಯಲ್ಲಿ ಪುಟ ತಿರುವುತ್ತ ಬಲಗೈಯಲ್ಲಿ ದಾರಕ್ಕೆ ಮೇಣ ಉಜ್ಜುವುದನ್ನು ಅವನು ಕಲಿತಿದ್ದ. ಕೋಳಿ ಸಾಕುವ ಪುಸ್ತಕ ಬಂದರೂ ಸರಿ, ವೇದಾಂತದ ಪುಸ್ತಕ ಬಂದರೂ ಸರಿ, ಮೊದಲ ಪುಟದಿಂದ ಬೆಲೆ ಹಾಕಿದ ಕೊನೇ ಪುಟದವರೆಗೆ ಓದಿಯೇ ರಟ್ಟು ಹಾಕುತ್ತಿದ್ದ.

ಸ್ಕೂಲಿನಲ್ಲಿ ಮಾತ್ರ ಅವನು ಓದಿದ್ದು ಆರನೇ ಕ್ಲಾಸಿನ ಅರ್ಧದವರೆಗೆ. ತನ್ನೂರು ಇಲವಾಲದಲ್ಲಿ ಮೇಷ್ಟ್ರು ರಾಗಿ ಹೊಲದ ಪಾಠ ಮಾಡುತ್ತಿದ್ದಾಗ ಪುಸ್ತಕದಲ್ಲಿ ಅಚ್ಚಾಗಿದ್ದುದು ಜೋಳದ ತೆನೆಯ ಚಿತ್ರ. "ಇದು ರಾಗಿ ಅಲ್ಲ ಸಾ" ಎಂದದ್ದಕ್ಕೆ ಅಂಗೈ ಮೇಲೆ ಆರು ಏಟು ಬಿತ್ತು. "ಪುಸ್ತಕ ಸುಳ್ಳು ಹೇಳುತ್ತೇನೋ, ರಾಗಿ ಬೆಳೆಯೋನು ನೀನು ದೊಡ್ಡವನೋ?" ಎಂದರು ಮೇಷ್ಟ್ರು. ಚಿಕ್ಕಣ್ಣ ಸ್ಲೇಟನ್ನು ಬೆಂಚಿನ ಮೇಲೇ ಬಿಟ್ಟು ಎದ್ದು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಇಪ್ಪತ್ತೆರಡು ವಯಸ್ಸು. ಅಂಗೈಯ ಉರಿ ಇನ್ನೂ ಆರಿರಲಿಲ್ಲ.

ಅಂಗಡಿಯ ಅರ್ಧ ಕೆಲಸ ಬರುತ್ತಿದ್ದುದು ಹಿಂದಿನ ಬೀದಿಯ ಸದ್ವಿಚಾರ ವಾಚನಾಲಯದಿಂದ. ಅಲ್ಲಿ ಒಂದು ಪದ್ಧತಿ ಇತ್ತು. ಪುಸ್ತಕ ಹಿಂದಿರುಗಿಸಿದವರು ಮೇಜಿನ ಮೇಲಿನ ದಪ್ಪ ಅಭಿಪ್ರಾಯದ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಬೇಕು. ಆಷಾಢದಲ್ಲಿ ಆ ಅಭಿಪ್ರಾಯದ ಪುಸ್ತಕವೇ ಬೆನ್ನು ಮುರಿದುಕೊಂಡು ಅಂಗಡಿಗೆ ಬಂತು. ಹೊಸ ಹಾಳೆ ಸೇರಿಸಿ ಹೊಲಿಯಬೇಕಿತ್ತು. ಚಿಕ್ಕಣ್ಣ ಅದನ್ನೂ ಓದಿದ. ಓದುತ್ತ ಓದುತ್ತ ಅವನ ಮೈ ಕಾಯಿತು. "ಉತ್ತಮ ಗ್ರಂಥ. ಎಲ್ಲರೂ ಓದತಕ್ಕದ್ದು." ಮುಂದಿನದೂ ಅದೇ. ಅದರ ಮುಂದಿನದೂ ಅದೇ. ಆದರೆ ಆ ಪುಸ್ತಕಗಳ ಹೊಲಿಗೆ ಬಿಚ್ಚಿದವನು ಅವನು. ಯಾವ ಪುಟದವರೆಗೆ ಬೆರಳಿನ ಮಣ್ಣಿದೆ, ಯಾವ ಪುಟದಿಂದ ಮುಂದೆ ಹಾಳೆ ಮದುವಣಗಿತ್ತಿಯ ಸೀರೆಯಂತೆ ಮಡಿಕೆ ಮುರಿಯದೆ ಇದೆ ಎಂಬುದು ಅವನಿಗೆ ಗೊತ್ತಿತ್ತು.

ಹೊಸದಾಗಿ ಹೊಲಿದ ಹಾಳೆಗಳ ಮೇಲೆ ಅವನು ತಾನೇ ಬರೆದ.

ಕೋಳಿ ಸಾಕಣೆಯ ಪುಸ್ತಕಕ್ಕೆ: "ಬರೆದ ಪುಣ್ಯಾತ್ಮರನ್ನು ಒಂದು ಕೋಳಿಯೂ ಕುಕ್ಕಿಲ್ಲ. ಕುಕ್ಕಿದ್ದರೆ ಮೂರನೇ ಅಧ್ಯಾಯ ಬೇರೆ ಥರ ಇರುತ್ತಿತ್ತು." ವೇದಾಂತದ್ದಕ್ಕೆ: "ಜಗತ್ತು ಮಿಥ್ಯೆ ಅಂತ ನಾನೂರು ಪುಟ. ಬೆಲೆ ಮೂರೂವರೆ ರೂಪಾಯಿ. ಅದೊಂದನ್ನು ಮಾತ್ರ ಮಿಥ್ಯೆ ಅನ್ನಲಿಲ್ಲ." ಒಂದು ಕಾದಂಬರಿಗೆ: "ನಾಯಕಿ ಹಳ್ಳಿ ಹುಡುಗಿಯಂತೆ. ಇನ್ನೂರ ಎಂಬತ್ತು ಪುಟದಲ್ಲಿ ಒಂದು ಸಲವೂ ಸಗಣಿ ಮುಟ್ಟಲಿಲ್ಲ. ಬಿಂದಿಗೆ ಹಿಡಿದು ನಿಂತಿದ್ದಾಳೆ. ನೀರು ಸೇದಿದಳೋ ಇಲ್ಲವೋ ತಿಳಿಯದು." ನಕ್ಷತ್ರಗಳ ಪುಸ್ತಕಕ್ಕೆ ಮಾತ್ರ: "ಇದು ನಿಜವಾದ ಪುಸ್ತಕ. ಓದಿ ಮಾಳಿಗೆ ಹತ್ತಿ ನೋಡಿದೆ. ಹೇಳಿದ ಜಾಗದಲ್ಲೇ ನಕ್ಷತ್ರ ಇತ್ತು. ಒಂಬತ್ತು ವರ್ಷದಿಂದ ಇದನ್ನು ಯಾರೂ ತೆಗೆದಿಲ್ಲ. ನಾಚಿಕೆಯಾಗಬೇಕು." ಹೀಗೆ ಹನ್ನೊಂದು. ಎಲ್ಲದರ ಕೆಳಗೂ "ಚಿ." ಎಂದಷ್ಟೇ ಸಹಿ.

ಆದರೆ ಅದೇ ಪುಸ್ತಕದಲ್ಲಿ ಅವನ ಬಾಯಿ ಕಟ್ಟಿಸಿದ ಒಂದು ಪುಟವೂ ಇತ್ತು. ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಮಂಗಳಮ್ಮನವರು ಬಾಣಂತಿ ಆರೈಕೆಯ ಪುಸ್ತಕದ ಬಗ್ಗೆ ದುಂಡಗೆ ಬರೆದಿದ್ದರು: "ಪುಸ್ತಕ ಚೆನ್ನಾಗಿದೆ. ನಡುವೆ ಹದಿನಾರು ಪುಟ ಮಾತ್ರ ಏನೋ ಆಗಿದೆ. ಹೊಗೆ ಹಾಕಿ ಎಲ್ಲರನ್ನೂ ಪೆಟ್ಟಿಗೆಯೊಳಕ್ಕೆ ಕೊಡವಿಕೊಳ್ಳಬೇಕು ಅಂತಿದೆ. ದಯವಿಟ್ಟು ಬಾಣಂತಿ ಮನೆಯಲ್ಲಿ ಯಾರೂ ಹಾಗೆ ಮಾಡಬೇಡಿ." ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಪಕ್ಕದಲ್ಲಿ "ಅಸಂಬದ್ಧ ಪ್ರಲಾಪ — ಕಾರ್ಯದರ್ಶಿ." ಕೆಳಗೆ ಇನ್ಯಾರೋ ಪೆನ್ಸಿಲಿನಲ್ಲಿ, "ದಾದಿಯರಿಗೆ ಗ್ರಂಥವೇಕೆ?"

ಚಿಕ್ಕಣ್ಣನ ಕೈಯ ಸೂಜಿ ನಿಂತಿತು. ಹದಿನಾರು ಪುಟ ಅಂದರೆ ಒಂದು ಫಾರಂ. ಅಚ್ಚುಕೂಟದಿಂದ ಬರುವ ದೊಡ್ಡ ಹಾಳೆಯನ್ನು ಮಡಿಚಿದರೆ ಹದಿನಾರು ಪುಟ. ಬೈಂಡರು ಫಾರಮ್ಮಿನ ಬುಡದ ಅಂಕಿ ನೋಡಿ ಒಂದರ ಮೇಲೊಂದು ಜೋಡಿಸುತ್ತಾನೆ. ಹೋದ ವರ್ಷ ಬಾಣಂತಿ ಪುಸ್ತಕದ ಜೊತೆಗೇ ಜೇನು ಸಾಕಣೆಯ ಪುಸ್ತಕವೂ ಹೊಲಿಗೆ ಬಿಚ್ಚಿಕೊಂಡು ಬಂದಿತ್ತು. ಎರಡೂ ಒಂದೇ ಅಚ್ಚುಕೂಟದ್ದು, ಒಂದೇ ಅಳತೆ, ಒಂದೇ ಅಕ್ಷರ. ಅದರ ನಾಲ್ಕನೇ ಫಾರಂ ಇದಕ್ಕೆ, ಇದರದು ಅದಕ್ಕೆ ಹೋಗಿತ್ತು. ಪುಟದ ಸಂಖ್ಯೆ ನಲವತ್ತೊಂಬತ್ತರಿಂದ ಅರವತ್ನಾಲ್ಕು, ಎರಡರಲ್ಲೂ ಸರಿಯಾಗಿಯೇ ಕೂತಿತ್ತು. ಓದಿ ಮುಗಿಸಿದ ಮೇಲೆ, ಜೋಡಿಸುವಾಗ ನೋಡದೆ, ಹಾಗೆ ಹೊಲಿದವನು ಅವನೇ.

ಹೇಳಿದರೆ ಕೆಲಸ ಹೋಗುತ್ತದೆ. ಇಪ್ಪತ್ತು ವರ್ಷದಲ್ಲಿ ನನ್ನಂಗಡಿಯಲ್ಲಿ ಒಂದು ಪುಟ ಹಿಂದುಮುಂದಾಗಿಲ್ಲ ಎಂದು ಚನ್ನಬಸವಯ್ಯನವರು ದಿನಕ್ಕೊಮ್ಮೆ ಹೇಳುತ್ತಿದ್ದರು. ಊರಿಗೆಲ್ಲ ನಾಚಿಕೆಯಾಗಬೇಕು ಎಂದು ಬರೆದವನು ತಾನು ಬಾಯಿ ಹೊಲಿದುಕೊಂಡು ಕೂತ. ಆ ಸಿಟ್ಟು ಯಾರ ಮೇಲೆ ಎಂದು ಅವನಿಗೇ ಬಗೆಹರಿಯಲಿಲ್ಲ.

ನವರಾತ್ರಿಯ ಹೊತ್ತಿಗೆ "ಚಿ." ಯಾರು ಎಂಬುದು ವಾಚನಾಲಯದಲ್ಲಿ ದೊಡ್ಡ ಮಾತಾಗಿತ್ತು. ನಕ್ಷತ್ರದ ಪುಸ್ತಕಕ್ಕೆ ಐದು ಜನ ಹೆಸರು ಕೊಟ್ಟು ಕಾಯುತ್ತಿದ್ದರು. ಕಾರ್ಯದರ್ಶಿ ವೆಂಕಟಸುಬ್ಬಯ್ಯನವರು, ಅರಮನೆಯ ಕಚೇರಿಯಲ್ಲಿದ್ದು ನಿವೃತ್ತರಾದವರು, ಅಭಿಪ್ರಾಯದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದರು.

"ಚನ್ನಬಸವಯ್ಯ, ಯಾರೋ ಪೋಕರಿ ಇದರೊಳಗೆ ಕೊಳಕು ಮಾಡಿದಾನೆ. ಗುರುತು ಹಾಕಿದೀನಿ. ಆ ಆರು ಹಾಳೆ ತೆಗೆದು ಮತ್ತೆ ಹೊಲಿದುಬಿಡಿ."

ಚನ್ನಬಸವಯ್ಯ ಪುಸ್ತಕವನ್ನು ಚಿಕ್ಕಣ್ಣನ ಕಡೆ ತಳ್ಳಿದರು. ಅವನು ಕೈ ಚಾಚಲಿಲ್ಲ.

"ನಾ ಕತ್ತರಿಸಕ್ಕಿಲ್ಲ."

"ಏನ್ಲಾ ಅಂದೆ?"

"ಕತ್ತರಿಸಕ್ಕಿಲ್ಲ ಅಂದೆ. ಬರೆದೋನು ನಾನೇ ಕಣ್ರೀ."

ವೆಂಕಟಸುಬ್ಬಯ್ಯನವರು ಕನ್ನಡಕವನ್ನು ಹಣೆಗೇರಿಸಿ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಅಂಟು ಮೆತ್ತಿದ ಬನಿಯನ್, ಸೂಜಿ ಚುಚ್ಚಿದ ಬೆರಳು. "ನೀನೋ? ಎಷ್ಟರವರೆಗೆ ಓದಿದೀಯಯ್ಯಾ?"

"ಕೊನೇ ಪುಟದವರೆಗೆ."

"ಕ್ಲಾಸು ಕೇಳಿದೆ ಕಣಯ್ಯಾ."

"ಆರನೇ ಕ್ಲಾಸು, ಅರ್ಧ."

"ಅರ್ಧ!" ಎಂದು ಅವರು ಚನ್ನಬಸವಯ್ಯನವರತ್ತ ತಿರುಗಿ ನಕ್ಕರು. "ಇದು ಓದಿದವರ ಅಭಿಪ್ರಾಯದ ಪುಸ್ತಕ ಅಪ್ಪಾ."

"ಅದಕ್ಕೇ ನಾ ಬರೆದಿದ್ದು ಸ್ವಾಮಿ. ಓದ್ದೋರು ಇನ್ಯಾರೂ ಕಾಣಲಿಲ್ಲ."

ಚನ್ನಬಸವಯ್ಯನವರ ಕೈ ಅವನ ಕೆನ್ನೆಯವರೆಗೆ ಬಂದು ನಿಂತಿತು. ವೆಂಕಟಸುಬ್ಬಯ್ಯನವರು ಪುಸ್ತಕವನ್ನು ಮತ್ತೆ ಕಂಕುಳಿಗೆ ಸೇರಿಸಿದರು. "ಬೇಡ, ಹೊಡೀಬೇಡಿ. ವಿಜಯದಶಮಿ ಬೆಳಿಗ್ಗೆ ಸದಸ್ಯರೆಲ್ಲ ಸೇರ್ತಾರೆ. ಇವನನ್ನ ಕತ್ತಿ ಸಮೇತ ಕರಕೊಂಡು ಬನ್ನಿ. ಎಲ್ಲರೆದುರಿಗೆ ಇವನ ಕೈಲೇ ಕತ್ತರಿಸಿಸ್ತೀನಿ. ಇಲ್ಲ ಅಂದರೆ ನಮ್ಮ ಕೆಲಸ ಇನ್ನು ಬೇರೆ ಅಂಗಡಿಗೆ."

ವಿಜಯದಶಮಿಯ ಬೆಳಿಗ್ಗೆ ವಾಚನಾಲಯದಲ್ಲಿ ಮೂವತ್ತು ಜನ ಇದ್ದರು. ಎಲ್ಲರಿಗೂ ಅವಸರ. ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿಯಲು ಹೆಂಡತಿ ಮಕ್ಕಳನ್ನು ಆಗಲೇ ಕಳಿಸಿ ಬಂದಿದ್ದರು. ಪೂಜೆಗೆ ಇಟ್ಟ ಪುಸ್ತಕಗಳನ್ನು ಪೀಠದಿಂದ ಇಳಿಸಿದ ಮೇಲೆ, ಅಭಿಪ್ರಾಯ ಬರೆದವರು ತಾವು ಮೆಚ್ಚಿದ ಪುಸ್ತಕದಿಂದ ಒಂದೆರಡು ಸಾಲು ಗಟ್ಟಿಯಾಗಿ ಓದಬೇಕು. ಅದು ಅಲ್ಲಿಯ ಸಂಪ್ರದಾಯ. ಕುಂಕುಮ ಬಿದ್ದ ಪುಸ್ತಕವನ್ನು ಓದದೆ ಮತ್ತೆ ಬೀರುವಿಗೆ ಸೇರಿಸುವ ಹಾಗಿಲ್ಲ.

ಮಂಗಳಮ್ಮನವರು ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ವರ್ಷದಿಂದ ಒಂದು ಸಾಲೂ ಬರೆದಿರಲಿಲ್ಲ, ಆದರೂ ಬರುವುದನ್ನು ಬಿಟ್ಟಿರಲಿಲ್ಲ. ಚಿಕ್ಕಣ್ಣ ಬಾಗಿಲ ಬಳಿ ನಿಂತು ಅವರನ್ನು ನೋಡಿದ. ಚರ್ಮ ಕತ್ತರಿಸುವ ಕತ್ತಿ ಅವನ ಕೈಯಲ್ಲಿತ್ತು.

"ಬಾರಯ್ಯಾ ವಿಮರ್ಶಕ!" ಎಂದರು ವೆಂಕಟಸುಬ್ಬಯ್ಯನವರು. ನಗೆ ಎದ್ದಿತು. ಅಭಿಪ್ರಾಯದ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. "ಹೂಂ, ಶುರು ಮಾಡು. ಜಂಬೂಸವಾರಿಗೆ ಹೊತ್ತಾಗುತ್ತೆ."

ಚಿಕ್ಕಣ್ಣ ಮೇಜಿನವರೆಗೆ ಬಂದ. "ಕತ್ತರಿಸ್ತೀನಿ ಸ್ವಾಮಿ. ಅದಕ್ಮುಂಚೆ ನೀವು ಓದ್ಬುಡಿ. ಸಂಪ್ರದಾಯ ಅಲ್ವಾ? ಜೇನಿನ ಪುಸ್ತಕಕ್ಕೆ ನೀವು ಎರಡು ಪುಟ ಬರೆದಿದೀರಿ. ಆದ್ಯಂತ ಎರಡು ಸಲ ಪಾರಾಯಣ ಮಾಡ್ದೆ, ವಿಚಾರಸರಣಿ ಎಲ್ಲೂ ಕಡಿಯದೆ ಜೇನಿನ ಧಾರೆ ಅಂಗೇ ಹರಿದೈತೆ ಅಂತ. ನಲವತ್ತೆಂಟನೇ ಪುಟದ ಕೊನೇ ಸಾಲಿಂದ ಓದಿ."

"ಅಲ್ಲೇ ಯಾಕೆ?"

"ಧಾರೆ ಅಲ್ಲೇ ಚೆನ್ನಾಗಿ ಹರಿಯೋದು."

ಯಾರೋ "ಓದಿ ಸ್ವಾಮಿ, ಮುಗೀಲಿ" ಎಂದರು. ವೆಂಕಟಸುಬ್ಬಯ್ಯನವರು ಪೂಜೆಯ ಪುಸ್ತಕಗಳಿಂದ ಜೇನಿನದನ್ನು ತೆಗೆದು, ಗಂಟಲು ಸರಿಮಾಡಿಕೊಂಡು, ಪುರಾಣ ಓದುವ ರಾಗದಲ್ಲಿ ಎತ್ತಿದರು:

"'ಹೀಗೆ ರಾಣಿಹುಳುವು ಹೊಸ ಗೂಡಿನಲ್ಲಿ ನೆಲೆಗೊಂಡ ನಂತರ ಅದನ್ನು...'" ಪುಟ ತಿರುವಿದರು. "'...ಹರಳೆಣ್ಣೆ ಹಚ್ಚಿ ಬಿಸಿನೀರಿನಲ್ಲಿ ಮೀಯಿಸಿ, ಹೊಟ್ಟೆಗೆ ಹಳೆಯ ಸೀರೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತತಕ್ಕದ್ದು. ಮೂರನೆಯ ದಿನದಿಂದ ಬೆಳ್ಳುಳ್ಳಿ ಹಾಕಿದ ಸಾರನ್ನು ಕೊಡಬಹುದು. ತಲೆಗೆ ಗಾಳಿ ತಾಗದಂತೆ...'"

ಮೊದಲು ಸೀನಿದಂತೆ ಒಂದು ಸದ್ದು, ಆಮೇಲೆ ಇಡೀ ಹಜಾರ ನಕ್ಕಿತು. "ರಾಣಿಹುಳಕ್ಕೆ ಸಾಮ್ರಾಣಿ ಹೊಗೆ ಹಾಕಿದ್ರಾ ಸ್ವಾಮಿ?" ಎಂದು ಒಬ್ಬರು ಕೂಗಿದರು. ವೆಂಕಟಸುಬ್ಬಯ್ಯನವರ ಬೆರಳು ಆ ಸಾಲಿನ ಮೇಲೇ ನಿಂತಿತ್ತು. ಅವರ ಕಿವಿಯವರೆಗೆ ರಕ್ತ ಏರಿತು.

"ಇದು... ಇದು ಯಾವನೋ ಬೈಂಡರಿನ ತಪ್ಪು!"

"ಹೌದು. ನಂದು." ಚಿಕ್ಕಣ್ಣನ ದನಿ ಅವನೇ ಎಣಿಸಿದ್ದಕ್ಕಿಂತ ಜೋರಾಗಿ ಬಂತು. "ನಾಲ್ಕನೇ ಫಾರಂ ಅದಲು ಬದಲು ಹೊಲಿದೆ. ನಮ್ ಯಜಮಾನರದಲ್ಲ, ನಂದು. ಹೊಲಿಗೆ ತಪ್ಪಿದೋನು ನಾನು, ಓದು ತಪ್ಪಿದೋರು ನೀವು. ಈ ಊರಲ್ಲಿ ಆ ತಪ್ಪನ್ನ ಕಂಡೋರು ಒಬ್ಬರೇ ಒಬ್ಬರು. ಅವರು ಬರೆದಿದ್ದಕ್ಕೆ ನೀವು ಕೆಂಪು ಗೆರೆ ಎಳೆದ್ರಿ. ಗೊತ್ತಿದ್ದೂ ಮೂರು ತಿಂಗಳು ನಾನೂ ಬಾಯಿ ಮುಚ್ಕೊಂಡಿದ್ದೆ. ಅದಕ್ಕೆ ಮಂಗಳಮ್ಮೋರ ಹತ್ರ ತಪ್ಪಾಯ್ತು ಅಂತೀನಿ. ನಿಮ್ಮ ಹತ್ರ ಅನ್ನಕ್ಕಿಲ್ಲ."

ಅವನು ಕತ್ತಿಯ ಹಿಡಿಯನ್ನು ಅವರ ಕಡೆ ತಿರುಗಿಸಿ ಮೇಜಿನ ಮೇಲಿಟ್ಟ. "ಈಗ ಕತ್ತರಿಸಬೇಕು ಅಂದ್ರೆ ನೀವೇ ಕತ್ತರಿಸಿ. ಆದ್ರೆ ನಿಮ್ಮ ಜೇನಿನ ಧಾರೆಯಿಂದ ಶುರು ಮಾಡಿ."

ಕತ್ತಿಯನ್ನು ಯಾರೂ ಮುಟ್ಟಲಿಲ್ಲ. ಮಂಗಳಮ್ಮನವರು ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಕನ್ನಡಕ ಬದಲಾಯಿಸಬೇಕೇನೋ ಅಂತ ಡಾಕ್ಟ್ರ ಹತ್ರ ಹೋಗಿದ್ದೆ ಕಣಪ್ಪ, ಆ ಹದಿನಾರು ಪುಟದ ದೆಸೆಯಿಂದ" ಎಂದರು. ಅವರು ನಗಲಿಲ್ಲ. ಅಭಿಪ್ರಾಯದ ಪುಸ್ತಕದಲ್ಲಿ ಹಿಂದಕ್ಕೆ ತಿರುವಿ, ಕೆಂಪು ಗೆರೆಯ ಪುಟ ಹುಡುಕಿ, ಕಾರ್ಯದರ್ಶಿಗಳ ಪೆನ್ನನ್ನೇ ತೆಗೆದುಕೊಂಡು ಕೆಳಗೆ ಬರೆದರು: "ನಾನು ಬರೆದದ್ದು ಸರಿ."

"ಸಭೆ ಮುಗಿಯಿತು" ಎಂದರು ವೆಂಕಟಸುಬ್ಬಯ್ಯನವರು ಗೋಡೆಯ ಕಡೆ ನೋಡುತ್ತ. "ಎರಡೂ ಪುಸ್ತಕ ಇವತ್ತೇ ಸರಿಯಾಗಬೇಕು. ನಾಳೆಯಿಂದ ಈ ಅಂಗಡಿಗೆ ಒಂದು ಹಾಳೆಯೂ ಹೋಗಲ್ಲ." ಹಾಳೆ ಕತ್ತರಿಸುವ ಮಾತು ಅವರ ಬಾಯಿಗೆ ಮತ್ತೆ ಬರಲಿಲ್ಲ.

ಚನ್ನಬಸವಯ್ಯ ಮುಂದೆ ಮುಂದೆ ನಡೆದರು. ಅಂಗಡಿಯ ಬಾಗಿಲು ತೆಗೆದು ಹೇಳಿದರು, "ಇಪ್ಪತ್ತು ವರ್ಷದ ಹೆಸರು ತೊಳೆದ್ಬುಟ್ಟೆ. ಇವೆರಡು ಹೊಲಿದು ಕೊಟ್ಟು ನಿನ್ನ ಬಟ್ಟೆಗಂಟು ತಗೊಂಡು ಹೊರಡು." ಸ್ವಲ್ಪ ದೂರ ಹೋದವರು ತಿರುಗಿ ಬಂದರು. "ಯಜಮಾನರದಲ್ಲ ಅಂದೆಯಲ್ಲ, ಅದೊಂದು ಒಳ್ಳೇದಾಯ್ತು" ಎಂದು, ಬೀಗದ ಕೈಯನ್ನು ಹಲಗೆ ಮೇಲೆ ಬಿಟ್ಟು ಮೆರವಣಿಗೆ ನೋಡಲು ಹೋದರು.

ಬೀದಿ ಖಾಲಿಯಾಯಿತು. ಚಿಕ್ಕಣ್ಣ ಎರಡು ಪುಸ್ತಕಗಳ ದಾರ ಬಿಚ್ಚಿದ. ಅರಮನೆಯ ಕಡೆಯಿಂದ ಕುಶಾಲತೋಪು ಹಾರಿ ಕಿಟಕಿಯ ಗಾಜು ಅದುರಿತು. ಅಂಬಾರಿ ಹೊರಟಿರಬೇಕು. ಅವನು ನಾಲ್ಕನೇ ಫಾರಮ್ಮುಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಈ ಸಲ ಅಂಕಿ ನೋಡಿ, ಹಿಂದಿನ ಸಾಲು ಮುಂದಿನ ಸಾಲು ಓದಿ ನೋಡಿ, ಹೊಲಿದ.

ಸಂಜೆ ವಾಚನಾಲಯದ ಬಾಗಿಲಲ್ಲಿ ಜವಾನನೊಬ್ಬನೇ ಕೂತಿದ್ದ. ಚಿಕ್ಕಣ್ಣ ಪುಸ್ತಕಗಳನ್ನು ಮೇಜಿನ ಮೇಲಿಟ್ಟ. ಅಭಿಪ್ರಾಯದ ಪುಸ್ತಕ ಅಲ್ಲೇ ಇತ್ತು. ಅವನ ಆರು ಹಾಳೆಗಳೂ ಇದ್ದವು. ಪುಸ್ತಕ ಹಿಂದಿರುಗಿಸಿದವರು ಬರೆಯಬೇಕು ತಾನೆ ಎಂದುಕೊಂಡು ಅವನು ಕೂತು ಬರೆದ:

"ಜೇನು ಸಾಕಣೆ. ಬಾಣಂತಿ ಆರೈಕೆ. ಎರಡೂ ಒಳ್ಳೆಯ ಪುಸ್ತಕಗಳು. ಹೋದ ಸಲ ಬೈಂಡು ಮಾಡಿದವನು ಗಟ್ಟಿಯಾಗಿ ಹೊಲಿದಿದ್ದಾನೆ, ನೋಡದೆ ಹೊಲಿದಿದ್ದಾನೆ. ಈಗ ಸರಿಯಾಗಿದೆ. ನಂಬಿಕೆ ಇಲ್ಲದವರು ಓದಿ ನೋಡಬಹುದು."

ಕೆಳಗೆ "ಚಿ." ಎಂದು ಬರೆದ. ಅದನ್ನು ನೋಡಿದ. ಆಮೇಲೆ ಚುಕ್ಕಿಯನ್ನು ಹೊಡೆದುಹಾಕಿ ಮುಂದುವರಿಸಿದ: ಚಿಕ್ಕಣ್ಣ, ಇಲವಾಲ. ಆರನೇ ಕ್ಲಾಸು, ಅರ್ಧ.